ಮುಳುಗಿದ ಊರಿನ ಹೆಸರು ಎಲ್ಲಿದೆ?

ಕಳೆದ ನವೆಂಬರ್ 9ರ ಸಂಜೆ. ಮಗಳನ್ನು ಈಜು ಕ್ಲಾಸಿನಿಂದ ಕರೆದುಕೊಂಡು ಬರುತ್ತಿದ್ದೆ. ನಮ್ಮ ಕಟ್ಟಡದ ಎದುರು, ಫುಟ್‌ಪಾತಿನ ಮೇಲೆ ಕೆಳಗಿನ ಮನೆಯ ಅಜ್ಜಿ ಮೊಣಕಾಲೂರಿ ಕೂತಿದ್ದರು. ಬಿದ್ದರೇನೋ ಅಂತ ಗಾಬರಿಯಿಂದ ಓಡಿದೆ. ಬಿದ್ದಿರಲಿಲ್ಲ. ನೆಲದಲ್ಲಿ ಕೂರಿಸಿದ್ದ ಮೂರು ಪುಟ್ಟ ಹಿತ್ತಾಳೆ ತಗಡುಗಳನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸುತ್ತಿದ್ದರು.

ಬರ್ಲಿನ್‌ನಲ್ಲಿ ಇವು ಬೀದಿಬೀದಿಯಲ್ಲೂ ಸಿಗುತ್ತವೆ. ಶ್ಟೋಲ್ಪರ್‌ಸ್ಟೈನ್ ಅನ್ನುತ್ತಾರೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ ಕೆಲಸ ಇದು. ಸುಮಾರು 10 ಸೆಂಟಿಮೀಟರ್ ಉದ್ದಗಲದ ಕಲ್ಲು, ಮೇಲೆ ಹಿತ್ತಾಳೆ. ನಾಜಿಗಳು ಎಳೆದೊಯ್ದ ಮನುಷ್ಯ ವಾಸವಿದ್ದ ಮನೆಯ ಎದುರಿಗೇ ಅದನ್ನು ಹೂಳುತ್ತಾರೆ. ‘ಇಲ್ಲಿ ವಾಸವಿದ್ದರು’ ಅಂತ ಶುರುವಾಗುತ್ತದೆ. ಆಮೇಲೆ ಹೆಸರು, ಹುಟ್ಟಿದ ವರ್ಷ, ಒಯ್ದ ವರ್ಷ, ಕೊಂದ ಜಾಗ. ಯುರೋಪಿನಲ್ಲಿ ಈಗ ಇಂಥವು ಒಂದು ಲಕ್ಷಕ್ಕೂ ಜಾಸ್ತಿ ಇವೆ. 1938ರ ನವೆಂಬರ್ 9ರ ರಾತ್ರಿ ಯಹೂದಿಗಳ ಅಂಗಡಿಗಳನ್ನು ಒಡೆದು, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿದ್ದರು. ಆ ನೆನಪಿಗೆ ಜನ ಅವತ್ತು ಕಲ್ಲು ಉಜ್ಜಿ, ಮೇಣದಬತ್ತಿ ಹಚ್ಚಿಡುತ್ತಾರೆ.

ಹೆಸರನ್ನು ಕಾಲಡಿ ಇಡುವುದು ಮೊದಮೊದಲು ನನಗೂ ಕಸಿವಿಸಿಯಾಗಿತ್ತು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು, ಅಲ್ವಾ? ಮ್ಯೂನಿಕ್ ನಗರ ಇದೇ ಕಾರಣಕ್ಕೆ ಸಾರ್ವಜನಿಕ ರಸ್ತೆಗಳಲ್ಲಿ ಇವಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಆದರೆ ಓದಬೇಕೆಂದರೆ ತಲೆ ಬಗ್ಗಿಸಲೇಬೇಕು. ಆ ಅಜ್ಜಿಯನ್ನು ನೋಡಿದ ಮೇಲೆ ನನಗೆ ಅದೇ ಸರಿ ಅನಿಸಿತು.

ಮಗಳು ಅವರ ಪಕ್ಕ ಕೂತು ಮೂರನೆಯ ಕಲ್ಲು ಒರೆಸಿದಳು. ಅದು ಆರು ವರ್ಷದ ಹುಡುಗಿಯದು. ಮನೆಗೆ ಬಂದು ಶೂ ಬಿಚ್ಚುತ್ತಾ ಕೇಳಿದಳು: “ಅಮ್ಮಾ, ನಮ್ಮ ಅಜ್ಜಿಯ ಊರು ನೀರಲ್ಲಿ ಹೋಯ್ತು ಅಂತೀಯಲ್ಲ, ಅಲ್ಲಿ ಇದ್ದವರ ಹೆಸರು ಎಲ್ಲಿ ಬರೆದಿದ್ದಾರೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮದು ಸಾಗರದ ಕಡೆ. ಅಮ್ಮ ಮುಳುಗಡೆಯವರ ಮನೆಯ ಮಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗ ಅವರ ಊರು, ಗದ್ದೆ, ಅಡಿಕೆ ತೋಟ ಎಲ್ಲ ನೀರಿನಡಿ ಹೋಯಿತು. ಅಜ್ಜ ಮನೆಯ ತೊಲೆ, ಕಂಬಗಳನ್ನು ಬಿಚ್ಚಿ ಲಾರಿಗೆ ಹೇರಿದ್ದರಂತೆ. ಹೊಸ ಮನೆಯ ಮುಂಬಾಗಿಲು ಹಳೆಯದೇ. ಅದರ ಬಲಗಡೆ, ನಡುಮಟ್ಟದಲ್ಲಿ, ತಲೆಮಾರುಗಳ ಕೈ ತಾಗಿ ಮರ ನುಣುಪಾಗಿದೆ. ಇಳಿಸಿದ ಜಾಗ ಬರೀ ಕಾಡು. ನಾಡಿಗೆಲ್ಲ ಬೆಳಕು ಕೊಡಲು ಊರು ಬಿಟ್ಟವರು ಅಲ್ಲಿ ವರ್ಷಗಟ್ಟಲೆ ಚಿಮಣಿ ಬುಡ್ಡಿಯಲ್ಲೇ ಬದುಕಿದರು.

ಇಲ್ಲಿ ನಡೆದದ್ದು ಕೊಲೆ, ಅಲ್ಲಿ ಆದದ್ದು ಅಣೆಕಟ್ಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ದೊಡ್ಡ ತಪ್ಪು. ವಿದ್ಯುತ್ ಬೇಕಿತ್ತು, ನಾನೂ ಆ ಬೆಳಕಲ್ಲೇ ಓದಿದವಳು. ಆದರೆ ಮಗಳ ಪ್ರಶ್ನೆ ಇದ್ದದ್ದು ಹೆಸರಿನ ಬಗ್ಗೆ. ತಾವೇ ಮಾಡಿದ ಪಾಪವನ್ನು ಇವರು ತಮ್ಮ ಬಾಗಿಲೆದುರೇ ಬರೆದಿಟ್ಟುಕೊಂಡಿದ್ದಾರೆ. ನಾವು ತ್ಯಾಗ ತ್ಯಾಗ ಅಂತ ಭಾಷಣ ಮಾಡುತ್ತೇವೆ, ತ್ಯಾಗ ಮಾಡಿದವರು ಯಾರು ಅಂತ ಕೇಳಿದರೆ ಸುಮ್ಮನಾಗುತ್ತೇವೆ. ಅರವತ್ತು ವರ್ಷ ಕಳೆದರೂ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿಲ್ಲ. ಉಳುತ್ತಿರುವ ನೆಲ ದಾಖಲೆಯಲ್ಲಿ ಇನ್ನೂ ಅರಣ್ಯ. ನನಗೆ ಇದು ನೋಯುತ್ತದೆ. ದೂರ ಬಂದ ಮೇಲೆ ಇನ್ನೂ ಜಾಸ್ತಿ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಲು ಹೊತ್ತು ಮೀರಿತ್ತು. ಮರುದಿನ ಮಾಡಿದೆ. “ನಿಮ್ಮೂರಲ್ಲಿ ಯಾರ್ಯಾರ ಮನೆ ಇತ್ತು ಹೇಳು” ಅಂದೆ. “ಈಗ್ಯಾಕೆ ಮಾರಾಯ್ತಿ ಅದೆಲ್ಲ?” ಅಂದಳು. ಆಮೇಲೆ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಹೊಳೆ ಕಡೆಯಿಂದ ಮೊದಲನೇ ಮನೆ, ಅದರ ಹಿಂದೆ ಕೊಟ್ಟಿಗೆ, ಕೆರೆ ಏರಿ ದಾಟಿದರೆ ದೊಡ್ಡಪ್ಪನ ಮನೆ. ಊರು ಬಿಟ್ಟಾಗ ಅವಳು ಎರಡನೇ ಕ್ಲಾಸು.

ಮಗಳು ನೋಟ್‌ಬುಕ್ಕಿನಲ್ಲಿ ನಕ್ಷೆ ಬಿಡಿಸುತ್ತಿದ್ದಾಳೆ. ಕೆರೆಯಾಚೆಯ ಎರಡು ಮನೆಯವರ ಹೆಸರು ಅಮ್ಮನಿಗೆ ನೆನಪಾಗುತ್ತಿಲ್ಲ. ಅವರು ಶಿವಮೊಗ್ಗದ ಕಡೆ ಹೋದರು ಅಂತ ಮಾತ್ರ ಗೊತ್ತು. ಮುಳುಗಡೆಯ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಹಿರಿಯರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಆ ಇಬ್ಬರು ಸಿಕ್ಕರೂ ಸಿಗಬಹುದು.