ಮಾತು ಬಿಟ್ಟ ಅಪ್ಪ-ಮಗ, ಒಂದೇ ಟ್ರಾಲ್ ಬೋಟು

ಮಲ್ಪೆ, ಗಂಗೊಳ್ಳಿ ಕಡೆಯ ಬಲೆ ಎಳೆಯುವ ಆಳಸಮುದ್ರದ ಟ್ರಾಲ್ ಬೋಟುಗಳಲ್ಲಿ ಅಪ್ಪ ತಾಂಡೇಲ (ಬೋಟು ನಡೆಸುವವ), ಮಗ ವಿಂಚಿನ (ಬಲೆಯ ರೋಪ್ ಸುತ್ತುವ ಯಂತ್ರ) ಹತ್ತಿರ ಇರುವುದು ಹೊಸತಲ್ಲ. ಇಬ್ಬರ ನಡುವೆ ಮಾತು ನಿಂತಿರುವುದೂ ಹೊಸತಲ್ಲ. ಮನೆಯಲ್ಲಾದರೆ ಒಬ್ಬ ಚಾವಡಿಯಲ್ಲಿ, ಇನ್ನೊಬ್ಬ ಅಂಗಳದಲ್ಲಿ ಕೂತು ದಿನ ದೂಡಬಹುದು. ಏಳೆಂಟು ಜನ ಎಂಟು ಹತ್ತು ದಿನ ಕಳೆಯುವ ಬೋಟಿನಲ್ಲಿ ಅದು ಸಾಧ್ಯವಿಲ್ಲ. ಮನಸ್ಸು ಕೂಡುವುದು ನಿಧಾನಕ್ಕೇ ಆಗಲಿ, ಕೆಲಸದ ಮಾತು ಮಾತ್ರ ಒಂದು ಗಳಿಗೆಯೂ ನಿಲ್ಲಬಾರದು.

ಹೆಚ್ಚು ಅಪಾಯ ಇರುವುದು ವಿಂಚಿನಲ್ಲಿ. ವೀಲ್‌ಹೌಸ್ (ಚುಕ್ಕಾಣಿ ಕೋಣೆ) ಮುಂದೆ, ವಿಂಚ್ ಅದರ ಬೆನ್ನಿಗೆ. ತಾಂಡೇಲನ ಕಣ್ಣು ಮುಂದಿನ ನೀರಿನ ಮೇಲಿರುತ್ತದೆ, ಹಿಂದೆ ನಡೆಯುವುದು ಅವನಿಗೆ ಕಾಣುವುದಿಲ್ಲ. ಬಲೆ ಬಿಡುವಾಗ ಮೊದಲು ಅದರ ಚೀಲ, ಆಮೇಲೆ ರೆಕ್ಕೆ, ಆಮೇಲೆ ಬೋರ್ಡು (ಬಲೆಯ ಬಾಯಿ ಅಗಲಿಸುವ ಹಲಗೆ), ಕೊನೆಗೆ ವೈರ್ ರೋಪ್. 20 ಮಾರು (ಒಂದು ಮಾರು ಸುಮಾರು ಆರು ಅಡಿ) ಆಳದ ನೀರಿಗೆ 80ರಿಂದ 100 ಮಾರು ರೋಪ್ ಬೇಕು. ಆಳ ಹೆಚ್ಚಿದರೆ ಅದರ ಮೂರು ಪಟ್ಟು ಸಾಕು. ರೋಪಿನ ಎಳೆಗಳ ನಡುವೆ ಸಿಕ್ಕಿಸಿದ ಬಣ್ಣದ ದಾರವೇ ಗುರುತು. ಎರಡೂ ಬದಿಯ ಗುರುತನ್ನು ಬಾಯಿಬಿಟ್ಟು ಎಣಿಸಬೇಕು. ಒಂದು ಬದಿ ನಾಲ್ಕೈದು ಮಾರು ಉದ್ದವಾದರೂ ಬಲೆ ಓರೆಯಾಗಿ ಬಾಯಿ ಕಿರಿದಾಗುತ್ತದೆ, ಎರಡು ಮೂರು ಗಂಟೆ ಎಳೆದ ಡೀಸೆಲ್ ದಂಡ. ಬೋರ್ಡು ಇಳಿಯುವ ಹೊತ್ತಿಗೇ ಬೋಟು ತಿರುಗಿದರೆ ಎರಡು ಬೋರ್ಡೂ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ.

ಬಲೆ ಕಲ್ಲಿಗೆ ಸಿಕ್ಕಿದರಂತೂ ಮುನಿಸಿಗೆ ಜಾಗವೇ ಇಲ್ಲ. ವೇಗ ಇಳಿಯುತ್ತದೆ, ಹಿಂಬದಿ ಕುಗ್ಗುತ್ತದೆ, ರೋಪ್ ತಂತಿಯಂತೆ ಬಿಗಿಯುತ್ತದೆ. ಮೊದಲು ಇಂಜಿನ್ ತಗ್ಗಿಸಬೇಕು, ಆಮೇಲೆ ಬ್ರೇಕ್ ಸಡಿಲಿಸಬೇಕು, ಆಮೇಲೆ ಬೋಟನ್ನು ಬಲೆಯ ಮೇಲಕ್ಕೆ ತಂದು ಎತ್ತಬೇಕು. ಇಂಜಿನ್ ಎಳೆಯುತ್ತಿರುವಾಗಲೇ ಮಗ ಬ್ರೇಕ್ ಬಿಟ್ಟರೆ ರೋಪ್ ಹಿಡಿತ ತಪ್ಪಿ ಓಡುತ್ತದೆ. ರೋಪ್ ಬಿಗಿದಿರುವಾಗಲೇ ಅಪ್ಪ ತಿರುಗಿಸಿದರೆ ಎಳೆತ ಪಕ್ಕಕ್ಕೆ ಬಂದು ಬೋಟು ಮಗುಚಬಹುದು. ರೋಪಿನ ನೇರಕ್ಕೆ ಯಾರೂ ನಿಲ್ಲಬಾರದು. ತುಂಡಾದ ರೋಪ್ ಕಾಲು ಕತ್ತರಿಸುತ್ತದೆ.

ಆದ್ದರಿಂದ ವಿಂಚಿನಿಂದ ವೀಲ್‌ಹೌಸಿಗೆ ಹಗ್ಗ ಕಟ್ಟಿದ ಒಂದು ಗಂಟೆ ಇರಲಿ. ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲಕ್ಕೆ ನಿಧಾನ ಮುಂದೆ, ಮೂರು ಸಲಕ್ಕೆ ರೋಪ್ ಸಮ ಬಂತು. ಇದನ್ನು ಹೊರಡುವ ಮುಂಚೆ ದಕ್ಕೆಯಲ್ಲೇ (ಬೋಟು ಕಟ್ಟುವ ಕಟ್ಟೆ) ಗೊತ್ತುಮಾಡಿಕೊಳ್ಳಿ. ಕೇಳಿದವ ಅದನ್ನೇ ಕೂಗಿ ತಿರುಗಿ ಹೇಳಬೇಕು. "ಅಪ್ಪಯ್ಯ" ಅನ್ನಲು ಬಾಯಿ ಬಾರದಿದ್ದರೆ ಮಗ "ತಾಂಡೇಲರೇ" ಅನ್ನಲಿ, ಅಷ್ಟಕ್ಕೆ ಅಪ್ಪ ಬೇಸರ ಮಾಡಿಕೊಳ್ಳಬಾರದು. ಅಡುಗೆಯವನ ಬಾಯಲ್ಲಿ ಹೇಳಿಕಳಿಸುವುದು ಊಟದ ವಿಷಯಕ್ಕೆ ನಡೆದೀತು, ವಿಂಚಿಗೆ ನಡೆಯದು.

ರಾತ್ರಿ ಪಾಳಿ ಬದಲಾಗುವಾಗ ಸ್ಲೇಟು ಒಳ್ಳೆಯದು. "22 ಮಾರು. ರೋಪ್ 95. ತೆಂಕು ಮುಖ. ಪಡು ಬದಿ ಎರಡು ಬೋಟು." ಇಷ್ಟು ಬರೆದು ಚುಕ್ಕಾಣಿ ಪಕ್ಕ ಇಟ್ಟರೆ ಎದ್ದು ಬಂದವ ಏನನ್ನೂ ಕೇಳಬೇಕಾಗಿಲ್ಲ. ಎಳೆಯುತ್ತಿರುವ ಬೋಟಿನ ಹಸಿರು ದೀಪ ಮೇಲೆ, ಬಿಳಿ ಕೆಳಗೆ ಉರಿಯುತ್ತಿದೆಯೋ ಎಂದೂ ನೋಡಲಿ. ವಿಎಚ್‌ಎಫ್ ರೇಡಿಯೊ 16ನೇ ಚಾನೆಲ್‌ನಲ್ಲೇ ಇರಲಿ.

ಜಗಳದ ಬೇರು ಬಹಳ ಸಲ ಪಾಲಿನ ದುಡ್ಡು. ಡೀಸೆಲ್, ಐಸ್, ರೇಷನ್ ಕಳೆದು ಉಳಿದದ್ದರಲ್ಲಿ ಎಲ್ಲ ಕಲಾಸಿಗಳಿಗೂ (ಬೋಟಿನ ಕೆಲಸಗಾರರು) ಪಾಲು ಕೈಗೆ ಬರುತ್ತದೆ, ಮಗನದು ಮಾತ್ರ "ಮನೆಯದೇ ಅಲ್ಲವಾ" ಎಂದು ಅಪ್ಪನ ಜೇಬಿಗೆ ಹೋಗುತ್ತದೆ. ಇದು ಅನ್ಯಾಯ. ಮಗನ ಪಾಲು ಅವನ ಖಾತೆಗೇ ಹೋಗಲಿ, ಮೀನಿನ ಏಲಂ (ಹರಾಜು) ಚೀಟಿ ಅವನಿಗೂ ತೋರಿಸಲಿ. ಮನೆಗೆ ಎಷ್ಟು ಕೊಡಬೇಕು ಎಂಬುದು ಆಮೇಲಿನ ಮಾತು.

ಇಷ್ಟಾದರೂ ಆಗದಿದ್ದರೆ ಮಗ ಬೋಟು ಬದಲಿಸಲಿ, ಆದರೆ ಸೀಸನ್ ನಡುವೆ ಬೇಡ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟುಗಳು ದಕ್ಕೆಯಲ್ಲೇ ಇರುತ್ತವೆ. ಹೊಸ ಸೀಸನ್ನಿಗೆ ಜನ ಗೊತ್ತುಮಾಡುವುದು, ಮುಂಗಡ ಕೊಡುವುದು ಸೀಸನ್ನಿಗೆ ಮುಂಚೆಯೇ. ಹಳೆಯ ಬೋಟಿನ ಮುಂಗಡ ಬಾಕಿ ತೀರಿಸಿ, ಹೊಸ ತಾಂಡೇಲನಿಗೆ ಅಪ್ಪನೇ ಒಂದು ಮಾತು ಹೇಳಿದರೆ ಮಗನಿಗೆ ಒಳ್ಳೆಯ ಜಾಗ ಸಿಗುತ್ತದೆ. ಬಲೆ ಹೊಲಿಯುವುದನ್ನು ಮಾತ್ರ ಆ ಎರಡು ತಿಂಗಳು ಒಟ್ಟಿಗೇ ಮಾಡಲಿ: ಹರಿದ ಕಣ್ಣನ್ನು ಒಬ್ಬ ಬಿಡಿಸಿ ಹಿಡಿದರೆ ಇನ್ನೊಬ್ಬನ ಸೂಜಿ ಬೇಗ ಓಡುತ್ತದೆ, ಆ ಕೆಲಸಕ್ಕೆ ಮಾತು ಬೇಕಾಗುವುದಿಲ್ಲ.