ಎಸಿ ಫಿಟ್ಟಿಂಗ್‌ಗೆ ಯಾರನ್ನು ಕರೆಯಬೇಕು? ಫೋನಿನಲ್ಲೇ ಕೇಳಬೇಕಾದ ಮಾತು

ಅಂಗಡಿಯಿಂದ ಮನೆಗೆ ಬರುವ ಸ್ಪ್ಲಿಟ್ ಎಸಿ ಇನ್ನೂ ಪೂರ್ತಿಯಾಗದ ಯಂತ್ರ. ಒಳಗಿನ ಯೂನಿಟ್ಟಿಗೂ ಹೊರಗಿನದಕ್ಕೂ ತಾಮ್ರದ ಪೈಪ್ ಜೋಡಿಸಿ, ಪೈಪಿನೊಳಗಿನ ಗಾಳಿ ಮತ್ತು ತೇವ ತೆಗೆದು, ಆಮೇಲೆ ಗ್ಯಾಸ್ ಬಿಟ್ಟಾಗಲೇ ಅದು ಎಸಿ ಅನ್ನಿಸಿಕೊಳ್ಳುವುದು. ಈ ಉಳಿದ ಕೆಲಸ ಕಾರ್ಖಾನೆಯಲ್ಲಿ ಆಗುವುದಲ್ಲ, ನಿಮ್ಮ ಮನೆ ಗೋಡೆಯ ಮೇಲೆ ಆಗುವುದು. ಆದರೂ ಸ್ಟಾರ್ ರೇಟಿಂಗ್, ಬ್ರ್ಯಾಂಡ್ ಅಂತ ವಾರಗಟ್ಟಲೆ ತಲೆಕೆಡಿಸಿಕೊಳ್ಳುವವರು ಫಿಟ್ ಮಾಡಲು ಯಾರು ಬರುತ್ತಾರೆ ಅಂತ ವಿಚಾರಿಸುವುದು ಕಡಿಮೆ.

ಬರುವವರು ಸಾಮಾನ್ಯವಾಗಿ ಮೂರು ಕಡೆಯವರು: ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್, ಅಂಗಡಿ ಅಥವಾ ಆನ್‌ಲೈನ್ ತಾಣ ಗೊತ್ತುಮಾಡಿದ ಏಜೆನ್ಸಿ, ಬಡಾವಣೆಯ ಮೆಕ್ಯಾನಿಕ್. ಅಧಿಕೃತ ಸೆಂಟರ್ ಅಂದರೂ ಅನೇಕ ಕಡೆ ಅದು ಗುತ್ತಿಗೆ ಹಿಡಿದ ಸ್ಥಳೀಯ ಏಜೆನ್ಸಿಯೇ. ಹಾಗಾಗಿ ಟೀ ಶರ್ಟಿನ ಮೇಲಿನ ಲೋಗೊ ನೋಡಿ ನಂಬಬೇಡಿ, ಚೀಲದಲ್ಲಿ ಏನಿದೆ ನೋಡಿ. ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ತರುವ ಬಡಾವಣೆ ಮೆಕ್ಯಾನಿಕ್, ಪಂಪ್ ಇಲ್ಲದೆ ಬರುವ ಅಧಿಕೃತ ಹುಡುಗನಿಗಿಂತ ಮೇಲು. ಒಂದೇ ಎಚ್ಚರಿಕೆ: ಅಧಿಕೃತರಿಂದಲೇ ಫಿಟ್ ಮಾಡಿಸಿರಬೇಕು ಅಂತ ಕೆಲವು ಕಂಪನಿಗಳು ವಾರಂಟಿ ಕಾರ್ಡಿನಲ್ಲಿ ಬರೆದಿರುತ್ತವೆ. ಅದನ್ನು ಮೊದಲೇ ಓದಿಕೊಳ್ಳಿ.

ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ: "ವ್ಯಾಕ್ಯೂಮ್ ಪಂಪ್ ತರ್ತೀರಾ?" "ಹೊಸ ಎಸಿಗೆ ಅದೆಲ್ಲ ಬೇಡ ಸಾರ್, ಗ್ಯಾಸಲ್ಲೇ ಏರ್ ತೆಗೀತೀವಿ" ಅಂದರೆ ಬೇರೆ ನಂಬರ್ ಹುಡುಕಿ. ಅವರು ಮಾಡುವುದಿಷ್ಟೇ: ಹೊರಗಿನ ಯೂನಿಟ್ಟಿನ ವಾಲ್ವ್ ಒಂದು ಕ್ಷಣ ತೆರೆದು, ಗ್ಯಾಸಿನ ಒತ್ತಡದಿಂದ ಪೈಪಿನ ಗಾಳಿಯನ್ನು ಹೊರಗೆ ತಳ್ಳುತ್ತಾರೆ. ಅರ್ಧ ಗಂಟೆ ಉಳಿಯುತ್ತದೆ, ನಿಜ. ಆದರೆ ಕಾರ್ಖಾನೆಯಲ್ಲಿ ತೂಕ ಮಾಡಿ ತುಂಬಿದ ಗ್ಯಾಸ್ ಸ್ವಲ್ಪ ಹೋಗುತ್ತದೆ, ಗಾಳಿ ಸ್ವಲ್ಪ ಒಳಗೇ ಉಳಿಯುತ್ತದೆ, ತೇವವಂತೂ ಹೋಗುವುದೇ ಇಲ್ಲ. ಉಳಿದ ಗಾಳಿ ಕಂಡೆನ್ಸರಿನಲ್ಲಿ (ಹೊರಗಿನ ಯೂನಿಟ್ಟಿನಲ್ಲಿ ಗ್ಯಾಸ್ ದ್ರವವಾಗುವ ಭಾಗ) ದ್ರವವಾಗದೆ ಒತ್ತಡ ಏರಿಸುತ್ತದೆ, ಕರೆಂಟ್ ಹೆಚ್ಚು ಎಳೆಯುತ್ತದೆ. ತೇವ ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಮೋಟಾರಿನ ವೈಂಡಿಂಗನ್ನು ನಿಧಾನಕ್ಕೆ ತಿನ್ನುತ್ತದೆ. ಮೊದಲ ಬೇಸಿಗೆಯಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ, ಅದಕ್ಕೇ ಈ ಕಳ್ಳಕೆಲಸ ನಡೆಯುತ್ತಾ ಬಂದಿದೆ. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್32 ಗ್ಯಾಸ್‌ಗೆ ಅಲ್ಪಮಟ್ಟಿಗೆ ಬೆಂಕಿ ಹಿಡಿಯುವ ಗುಣವೂ ಇದೆ. ಮುಚ್ಚಿದ ಬಾಲ್ಕನಿಯಲ್ಲಿ ಅದನ್ನು ಬಿಡುವುದು ತಮಾಷೆಯಲ್ಲ.

ಸರಿಯಾದ ಕ್ರಮದಲ್ಲಿ ಪಂಪ್ ಹಚ್ಚಿ ಪೈಪಿನೊಳಗಿನ ಒತ್ತಡವನ್ನು 500 ಮೈಕ್ರಾನ್‌ವರೆಗೆ ಇಳಿಸಬೇಕು (ಮೈಕ್ರಾನ್ ಅಂದರೆ ವ್ಯಾಕ್ಯೂಮ್ ಅಳೆಯುವ ಮಾನ, ಕಡಿಮೆಯಾದಷ್ಟೂ ಒಳ್ಳೆಯದು). ಮೈಕ್ರಾನ್ ಗೇಜ್ ಇಟ್ಟುಕೊಂಡವರು ನಮ್ಮ ಕಡೆ ಅಪರೂಪ. ಸಾದಾ ಗೇಜ್ ಇದ್ದರೆ ಕನಿಷ್ಠ 20ರಿಂದ 30 ನಿಮಿಷ ಪಂಪ್ ಓಡಲಿ, ಮಳೆಗಾಲದ ಮಂಗಳೂರಿನಲ್ಲಾದರೆ ಇನ್ನೂ ಹೆಚ್ಚು. ಆಮೇಲೆ ಗೇಜಿನ ವಾಲ್ವ್ ಮುಚ್ಚಿ ಪಂಪ್ ನಿಲ್ಲಿಸಿ ಹತ್ತು ನಿಮಿಷ ಕಾಯಬೇಕು. ಮುಳ್ಳು ಕದಲಿದರೆ ಎಲ್ಲೋ ಲೀಕ್ ಇದೆ ಅಂತ ಅರ್ಥ. ಪೈಪ್ ಉದ್ದವಾಗಿದ್ದರೆ ಅಥವಾ ಗೋಡೆಯೊಳಗೆ ಹೋಗುವುದಾದರೆ ಅದಕ್ಕೂ ಮೊದಲು ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷೆ ಮಾಡಿಸಿ. ಗೋಡೆ ಮುಚ್ಚಿದ ಮೇಲೆ ಲೀಕ್ ಹುಡುಕುವ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ.

ಲೀಕ್ ಆಗುವ ಜಾಗ ಹೆಚ್ಚಾಗಿ ಫ್ಲೇರ್, ಅಂದರೆ ನಟ್ಟಿನೊಳಗೆ ಕೂರಲು ತಾಮ್ರದ ತುದಿಯನ್ನು ಆಲಿಕೆಯಂತೆ ಅಗಲಿಸಿದ ಭಾಗ. ಪೈಪ್ ಕತ್ತರಿಸಿದ ಮೇಲೆ ಒಳಅಂಚಿನ ಚೂರುಗಳನ್ನು ಕೆರೆದು ತೆಗೆಯುವಾಗ ಪೈಪಿನ ಬಾಯಿ ನೆಲದ ಕಡೆ ಇರಬೇಕು, ಇಲ್ಲದಿದ್ದರೆ ತಾಮ್ರದ ಪುಡಿ ಒಳಗೆ ಬೀಳುತ್ತದೆ. ಒಳ್ಳೆಯ ಫ್ಲೇರ್ ಸುತ್ತಲೂ ಒಂದೇ ಅಗಲವಾಗಿ, ಒಳಮೈ ಹೊಳೆಯುತ್ತಿರುತ್ತದೆ. ಕೂದಲೆಳೆಯಷ್ಟು ಗೀರು ಕಂಡರೂ ಕತ್ತರಿಸಿ ಹೊಸದಾಗಿ ಮಾಡಬೇಕು. ನಟ್ ಬಿಗಿಸಲು ಇಂತಿಷ್ಟೇ ಬಲಕ್ಕೆ ಬಿಗಿಸುವ ಟಾರ್ಕ್ ವ್ರೆಂಚ್ ಬೇಕು: ಕಾಲಿಂಚಿನ ಪೈಪಿಗೆ 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ 50ರಿಂದ 60. ಎರಡು ಸ್ಪ್ಯಾನರ್ ಹಿಡಿದು ಮೈಭಾರ ಹಾಕಿ ತಿರುಗಿಸಿದರೆ ಫ್ಲೇರ್ ತೆಳುವಾಗಿ, ಒಂದೆರಡು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆಮೇಲೆ ಶುರು, "ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸ್ಬೇಕು" ಅನ್ನುವ ರಾಗ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಸೋರಿದೆ ಅಷ್ಟೇ. ನಟ್ಟಿನ ಸುತ್ತ ಎಣ್ಣೆಯ ಜಿಡ್ಡು ಕಂಡರೆ ಜಾಗವೂ ಸಿಕ್ಕಂತೆ.

ಇನ್ನು ರೇಟು. "ಇನ್‌ಸ್ಟಲೇಶನ್ ಫ್ರೀ" ಅಂದಾಗ ಯಾವುದು ಫ್ರೀ ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಡಬ್ಬಿಯಲ್ಲಿ 3 ಮೀಟರ್ ಪೈಪ್ ಬರುತ್ತದೆ. ಹೆಚ್ಚುವರಿ ಪೈಪ್, ಸ್ಟ್ಯಾಂಡ್, ಕೋರ್ ಕಟಿಂಗ್ (ಯಂತ್ರದಿಂದ ಗೋಡೆಗೆ ತೂತು ಕೊರೆಯುವುದು), ಡ್ರೈನ್ ಪೈಪ್, ವೈರ್ ಎಲ್ಲಕ್ಕೂ ಬೇರೆ ಬಿಲ್ ಬೀಳಬಹುದು. ಪೈಪಿನ ರೇಟು ಅಡಿಗೋ ಮೀಟರಿಗೋ ಕೇಳಿ, ಈ ಎರಡರ ನಡುವೆ ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ತಾಮ್ರವೋ ಅಲ್ಯೂಮಿನಿಯಮ್ಮೋ, ದಪ್ಪ ಎಷ್ಟು ಅಂತಲೂ ಕೇಳಿ. 0.8 ಮಿಲಿಮೀಟರ್ ಇದ್ದರೆ ನಿಶ್ಚಿಂತೆ. ಎರಡೂ ಪೈಪಿಗೆ ಪ್ರತ್ಯೇಕವಾಗಿ ಇನ್ಸುಲೇಶನ್ ಬೇಕು. ಸ್ಪ್ಲಿಟ್ ಎಸಿಯಲ್ಲಿ ಸಣ್ಣ ಪೈಪೂ ತಣ್ಣಗಿರುವುದರಿಂದ, ಬಿಟ್ಟ ಜಾಗದಲ್ಲೆಲ್ಲ ಅದು ಬೆವತು ಗೋಡೆ ಹಾಳಾಗುತ್ತದೆ.

ಗೋಡೆಯ ತೂತು ಹೊರಕ್ಕೆ ಸ್ವಲ್ಪ ಇಳಿಜಾರಾಗಿರಬೇಕು. ಡ್ರೈನ್ ಪೈಪ್ ಎಲ್ಲೂ ಮೇಲೇಳಬಾರದು, ತುದಿ ಬಕೆಟ್ ನೀರಿನಲ್ಲಿ ಮುಳುಗಿರಬಾರದು. ಅವರು ಹೊರಡುವ ಮುಂಚೆ ಒಳಗಿನ ಯೂನಿಟ್ಟಿನ ಟ್ರೇಗೆ ಒಂದು ಬಾಟಲಿ ನೀರು ಹೊಯ್ಸಿ ನೋಡಿ.

ಹೊರಗಿನ ಯೂನಿಟ್ ಎಲ್ಲಿ ಅನ್ನುವುದನ್ನು ಫೋನಿನಲ್ಲೇ ಫೋಟೊ ತರಿಸಿಕೊಂಡು ಕೇಳುವವರು ಕೆಲಸ ಬಲ್ಲವರು. ಕಲಬುರಗಿ, ರಾಯಚೂರಿನ ಕಡೆ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಅಲ್ಲಿ ಪಶ್ಚಿಮದ ಗೋಡೆಗೆ ಹಾಕಿದರೆ ಯಂತ್ರ ಮಧ್ಯಾಹ್ನವೇ ಸೋಲುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಉಪ್ಪುಗಾಳಿಗೆ ಬಣ್ಣ ಬಳಿದ ಕಬ್ಬಿಣದ ಸ್ಟ್ಯಾಂಡ್ ಬೇಗ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಅಥವಾ ಗ್ಯಾಲ್ವನೈಸ್ಡ್ ಸ್ಟ್ಯಾಂಡ್ ಹಾಕಿಸಿ, ಬೋಲ್ಟೂ ಸ್ಟೇನ್‌ಲೆಸ್ಸೇ ಇರಲಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಷ್ಟ ಬೇರೆ. ಹಾಲೋ ಬ್ಲಾಕ್ ಗೋಡೆಯಲ್ಲಿ ಸಾದಾ ಆಂಕರ್ ಬೋಲ್ಟ್ ಹಿಡಿಯುವುದಿಲ್ಲ. ಗೋಡೆಯ ಆಚೆಗೂ ಪ್ಲೇಟ್ ಕೊಟ್ಟು, ಗೋಡೆ ತೂರಿ ಹೋಗುವ ಬೋಲ್ಟ್ ಹಾಕಬೇಕು. ಮೂವತ್ತು ಕಿಲೋ ಆಸುಪಾಸಿನ ಯೂನಿಟ್ ಐದನೇ ಮಹಡಿಯಿಂದ ನೇತಾಡುವ ವಿಷಯ ಇದು. ಇಕ್ಕಟ್ಟಾದ ಡಕ್ಟಿನಲ್ಲಿಟ್ಟರೆ ತಾನೇ ಬಿಟ್ಟ ಬಿಸಿಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ.

ವೈರಿಂಗ್ ಎಸಿ ಮೆಕ್ಯಾನಿಕ್‌ನ ಕೆಲಸವಲ್ಲ. 1.5 ಟನ್ನಿಗೆ 4 ಚದರ ಮಿಲಿಮೀಟರ್ ತಾಮ್ರದ ಪ್ರತ್ಯೇಕ ಲೈನ್, 20 ಆಂಪಿಯರ್ ಸಿ ಟೈಪ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್, ಇವನ್ನು ಎಲೆಕ್ಟ್ರಿಷಿಯನ್ ಕೈಲಿ ಮುಂಚೆಯೇ ಮಾಡಿಸಿಡಿ. ಬೆಸ್ಕಾಂ, ಮೆಸ್ಕಾಂ, ಜೆಸ್ಕಾಂ ಯಾವುದೇ ಇರಲಿ, ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತಲೂ ನೋಡಿಕೊಳ್ಳಿ.

ಯುಗಾದಿ ಹೊತ್ತಿಗೆ ಎಲ್ಲರೂ ಓಡುವ ಅವಸರದಲ್ಲಿರುತ್ತಾರೆ, ಆಗ ಮೊದಲು ಬಲಿಯಾಗುವುದು ವ್ಯಾಕ್ಯೂಮ್. ಜನವರಿ, ಫೆಬ್ರವರಿಯಲ್ಲಿ ಕರೆದರೆ ಎರಡು ಗಂಟೆ ಕೊಟ್ಟು ಮಾಡುತ್ತಾರೆ. ಕೆಲಸ ಮುಗಿದ ಮೇಲೆ 20 ನಿಮಿಷ ಓಡಿಸಿ, ಒಳಗಿನ ಯೂನಿಟ್ಟಿಗೆ ಹೋಗುವ ಗಾಳಿಗೂ ಅದರಿಂದ ಹೊರಬರುವ ಗಾಳಿಗೂ ಥರ್ಮಾಮೀಟರ್ ಹಿಡಿಯಿರಿ. 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು, ಕರಾವಳಿಯ ಸೆಕೆಗೆ ತುಸು ಕಡಿಮೆಯಾದರೂ ಪರವಾಗಿಲ್ಲ. ದುಡ್ಡು ಕೊಡುವುದು ಆಮೇಲೆ. ಎರಡೂ ಯೂನಿಟ್ಟಿನ ಸೀರಿಯಲ್ ನಂಬರ್, ತಾರೀಕು, ಹಾಕಿದ ಪೈಪಿನ ಉದ್ದ ಬಿಲ್ಲಿನಲ್ಲಿರಲಿ. ಬಾಡಿಗೆ ಮನೆಯವರು ಇನ್ನೊಂದು ಮಾತು ಕೇಳಿಡಿ: ಮನೆ ಬದಲಿಸುವಾಗ ಪಂಪ್‌ಡೌನ್ ಮಾಡಿ, ಗ್ಯಾಸನ್ನೆಲ್ಲ ಹೊರಗಿನ ಯೂನಿಟ್ಟಿಗೆ ಎಳೆದು ವಾಲ್ವ್ ಮುಚ್ಚಿ ಬಿಚ್ಚಿಕೊಡುತ್ತೀರಾ, ಅದಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ ಅಂತ.