462.125ರಲ್ಲಿ ಸಿಕ್ಕ ಗೆರೆ

ತೊಗರಿ ಹೊಲದ ವಾಕಿ-ಟಾಕಿ ಕೆಲಸ ಮೂರು ವಾರದಿಂದ ನಿಂತಲ್ಲೇ ನಿಂತಿತ್ತು. ನಿನ್ನೆ ರಾತ್ರಿ ಕಾರಣ ಸಿಕ್ಕಿತು. ಸಿಕ್ಕ ಮೇಲೆ ಸಿಟ್ಟು ಇನ್ನಷ್ಟು ಏರಿದೆ.

ಆಳಂದ ಕಡೆಯ ನಮ್ಮ ಹೊಲದಲ್ಲಿ ಕಾಕಾ ರಾತ್ರಿಯೆಲ್ಲ ಕಾಡುಹಂದಿಯಿಂದ ಬೆಳೆ ಕಾಯುತ್ತಾರೆ. ಅಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ನನ್ನ ಹ್ಯಾಮ್ ಸೆಟ್ (ಹವ್ಯಾಸಿ ರೇಡಿಯೋ) ಅವರ ಕೈಗೆ ಕೊಡುವಂತಿಲ್ಲ, ಲೈಸೆನ್ಸ್ ಇರುವುದು ನನಗೆ. ಉಳಿದದ್ದು ಲೈಸೆನ್ಸ್ ಬೇಡದ 446.0–446.2 ಮೆಗಾಹರ್ಟ್ಸ್ ಫ್ರೀಕ್ವೆನ್ಸಿ ಪಟ್ಟಿ. ‘ಲೈಸೆನ್ಸ್ ಬೇಕಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ ಒಂದು ಜೋಡಿ ವಾಕಿ-ಟಾಕಿ ತರಿಸಿದೆ.

ಪೆಟ್ಟಿಗೆ ಬಿಚ್ಚಿದಾಗಲೇ ಅನುಮಾನ ಬಂತು. ಆಂಟೆನಾ ತಿರುಗಿಸಿದರೆ ಕೈಗೆ ಬರುತ್ತದೆ, ಸೆಟ್ಟಿನ ಬೆನ್ನಿಗೆ ಫ್ರೀಕ್ವೆನ್ಸಿಯೂ ಇಲ್ಲ, ಇಟಿಎ (ಸೆಟ್ಟಿನ ಮಾದರಿಗೆ ಸರ್ಕಾರ ಕೊಡುವ ಒಪ್ಪಿಗೆ) ಸಂಖ್ಯೆಯೂ ಇಲ್ಲ. ಹಾಗಾಗಿ ಆಂಟೆನಾ ಬಿಚ್ಚಿ, ಸಿಗ್ನಲ್ ಹೊರಗೆ ಹರಡದಂತೆ ನುಂಗುವ ಡಮ್ಮಿ ಲೋಡ್ ಹಾಕಿ, ಯಾವ ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಇದೆ ಎಂದು ಲ್ಯಾಪ್‌ಟಾಪ್ ಪರದೆಯಲ್ಲಿ ಗೆರೆಯಾಗಿ ತೋರಿಸುವ ಎಸ್‌ಡಿಆರ್ ಡಾಂಗಲ್ ಪಕ್ಕದಲ್ಲಿಟ್ಟು ಎರಡೇ ಸೆಕೆಂಡು ಪಿಟಿಟಿ (ಮಾತಾಡುವ ಗುಂಡಿ) ಒತ್ತಿದೆ. ಪರದೆಯ ತುಂಬ ಗೆರೆಗಳು! ಯಾವುದು ನಿಜ, ಯಾವುದು ನೆರಳು ಎಂದು ತಿಳಿಯದೆ ಎರಡು ಸಂಜೆ ಹಾಳಾದವು. ಡಾಂಗಲ್ಲೇ ತಪ್ಪು ತೋರಿಸುತ್ತಿದೆಯೇನೋ ಎಂದುಕೊಂಡು ನನ್ನ ಹ್ಯಾಮ್ ಸೆಟ್ಟನ್ನು ಅದೇ ಲೋಡಿಗೆ ಹಚ್ಚಿ 435.500ರಲ್ಲಿ ಒತ್ತಿ ನೋಡಿದೆ. ಅಲ್ಲೂ ಅದೇ ಗೆರೆಗಳ ಜಾತ್ರೆ. ಆಗ ಹೊಳೆಯಿತು: ಹತ್ತಿರದ ಬಲವಾದ ಸಿಗ್ನಲ್‌ಗೆ ಡಾಂಗಲ್ ಉಸಿರುಗಟ್ಟುತ್ತಿದೆ.

ನಿನ್ನೆ ಡಾಂಗಲ್ಲಿನ ಆಂಟೆನಾ ತೆಗೆದು, ಲ್ಯಾಪ್‌ಟಾಪ್ ಸಮೇತ ಹಿಂದಿನ ಕೋಣೆಗೆ ಒಯ್ದೆ. ಪಿಟಿಟಿ ಒತ್ತಲು ತಮ್ಮನನ್ನು ಪಡಸಾಲೆಯಲ್ಲಿ ಕೂರಿಸಿದೆ. ನೆರಳುಗಳೆಲ್ಲ ಅಳಿದವು. ಹ್ಯಾಮ್ ಸೆಟ್ಟಿನ ಗೆರೆ 435.500ರಲ್ಲೇ ನಿಂತಿತು. ಹೊಸ ಸೆಟ್ಟಿನ ಒಂದನೇ ಚಾನೆಲ್ ತೆಳ್ಳಗೆ, ನೆಟ್ಟಗೆ, 462.125ರಲ್ಲಿ ಬಂದು ನಿಂತಿತು. ಲೈಸೆನ್ಸ್ ಬೇಡದ ಪಟ್ಟಿಯಿಂದ ಸುಮಾರು 16 ಮೆಗಾಹರ್ಟ್ಸ್ ಆಚೆ! ಡಾಂಗಲ್ಲಿನ ದೋಷ ಎಷ್ಟೇ ಇದ್ದರೂ ಕಿಲೋಹರ್ಟ್ಸ್ ಲೆಕ್ಕದಲ್ಲಿರುತ್ತದೆ.

‘ಕೇಬಲ್ ಹಾಕಿ 446.00625ಕ್ಕೆ ಪ್ರೋಗ್ರಾಮ್ ಮಾಡಿಬಿಡು’ ಎಂದ ತಮ್ಮ. ಫ್ರೀಕ್ವೆನ್ಸಿ ಬದಲಾಗುತ್ತದೆ, ನಿಜ. ಆದರೆ ಲೈಸೆನ್ಸ್ ಬೇಡದ ಆ ಪಟ್ಟಿಯ ಸೆಟ್, ಅಂದರೆ ಪಿಎಂಆರ್ 446, ಎಂದರೆ ಅರ್ಧ ವಾಟ್, ಬಿಚ್ಚಲಾಗದ ಆಂಟೆನಾ. ಇದರ ಪೆಟ್ಟಿಗೆಯ ಮೇಲೆ 2 ವಾಟ್ ಎಂದಿದೆ. ಇಟಿಎ ಅಂತೂ ಪ್ರೋಗ್ರಾಮಿನಿಂದ ಹುಟ್ಟುವುದಿಲ್ಲ. ಇನ್ನು ಇದ್ದ ಹಾಗೇ ಬಳಸಿದರೆ, 462.125ನ್ನು ಲೈಸೆನ್ಸ್ ಪಡೆದು ಬಳಸುವವರ ಮಾತಿನ ನಡುವೆ ನಮ್ಮ ‘ಹಂದಿ ಬಂತು’ ಕೂಗು ನುಗ್ಗಿದರೆ ಅದು ನನ್ನ ತಪ್ಪೇ.

ಮಾರಿದವರಿಗೆ ಫೋನ್ ಮಾಡಿ ಇಟಿಎ ಪ್ರಮಾಣಪತ್ರ ಕೇಳಿದರೆ ಜಿಎಸ್‌ಟಿ ಬಿಲ್ ಕಳಿಸಿದರು. ಮತ್ತೆ ಕೇಳಿದರೆ ‘ಎಲ್ಲರೂ ಬಳಸುತ್ತಾರೆ ಸರ್’ ಎಂಬ ಉತ್ತರ. ಆನ್‌ಲೈನಿನಲ್ಲಿ ಮಾರುವವರು ಫ್ರೀಕ್ವೆನ್ಸಿಯನ್ನೂ ಪ್ರಮಾಣಪತ್ರವನ್ನೂ ಮೊದಲೇ ತೋರಿಸಬೇಕೆಂದು 2025ರ ಮೇ ತಿಂಗಳಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಓದಿ ಹೇಳಿದ ಮೇಲೆ ಹಣ ಮರಳಿಸಲು ಒಪ್ಪಿದರು.

ಈ ನಡುವೆ ಕೈ ಸುಮ್ಮನಿರಲಿಲ್ಲ, ಬಾಹ್ಯಾಕಾಶ ನಿಲ್ದಾಣದ ರಿಪೀಟರ್‌ಗಾಗಿ (ಬಂದ ಮಾತನ್ನು ಮತ್ತೆ ಪ್ರಸಾರ ಮಾಡುವ ರೇಡಿಯೋ) ಯಾಗಿ ಆಂಟೆನಾದ ಅಲ್ಯೂಮಿನಿಯಂ ಕೊಳವೆ ಕತ್ತರಿಸಿಟ್ಟಿದ್ದೇನೆ. ಕಳಿಸುವುದು 145.990, ಕೇಳುವುದು 437.800. ಎರಡೂ ನಮ್ಮ ಹ್ಯಾಮ್ ಪಟ್ಟಿಯೊಳಗೇ ಇವೆ. ರಾಶಿ ಮುಗಿದ ಮೇಲೆ ಅದೇ ಕೆಲಸ.

ಇಟಿಎ ಸಂಖ್ಯೆ ಮೊದಲೇ ತರಿಸಿಕೊಂಡು ನೋಡಿ ಬೇರೆ ಜೋಡಿಗೆ ಹೇಳಿದ್ದೇನೆ. ಅದು ಬರುವ ತನಕ ಕಾಕಾನ ಟಾರ್ಚೇ ಗತಿ: ಎರಡು ಸಲ ಮಿನುಗಿದರೆ ಹಂದಿ ಬಂದಿದೆ, ಮೂರು ಸಲವಾದರೆ ಚಹಾ ತೆಗೆದುಕೊಂಡು ಬಾ.